ಅತ್ತೆಯವರ ತಟ್ಟೆ ಬೇರೆ ಇಡಬೇಡಿ

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ: ಅತ್ತೆಯ ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ‘ಎಚ್‌ಸಿವಿ ರಿಯಾಕ್ಟಿವ್’ ಎಂದು ಬಂತು. ಆಸ್ಪತ್ರೆಯವರು ಬೇರೆ ಕಡೆ ಹೋಗಿ ಎಂದರು. ಈಗ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆ. ಊರಿಗೆ ಗೊತ್ತಾದರೆ ಮಾನ ಹೋಗುತ್ತದೆಂದು ಅವರು ಮುಂದಿನ ಪರೀಕ್ಷೆಗೆ ಒಪ್ಪುತ್ತಿಲ್ಲ. 1994ರಲ್ಲಿ ಗರ್ಭಕೋಶ ತೆಗೆಸಿದಾಗ ಎರಡು ಬಾಟಲಿ ರಕ್ತ ಹಾಕಿದ್ದರಂತೆ. ಏನು ಮಾಡಲಿ?

ಸಂಪಾದಕರ ಉತ್ತರ: ತಾಯಿ, ಮೊದಲು ತಟ್ಟೆ ಒಟ್ಟಿಗೆ ಇಡಿ. ಎಚ್‌ಸಿವಿ ಎಂದರೆ ಹೆಪಟೈಟಿಸ್ ಸಿ ವೈರಸ್. ಅದು ತರುವ ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ಹರಡುವ ಲಿವರ್ ಕಾಯಿಲೆ. ಊಟ, ನೀರು, ಕೆಮ್ಮು, ಅಪ್ಪುಗೆಯಿಂದ ಬರುವುದಿಲ್ಲ. ಹಲ್ಲುಜ್ಜುವ ಬ್ರಷ್, ಬ್ಲೇಡು, ಉಗುರು ಕತ್ತರಿ ಮಾತ್ರ ಅವರವರಿಗೆ ಬೇರೆ ಇರಲಿ.

ಇದರಲ್ಲಿ ನಾಚಿಕೆಪಡುವಂಥದ್ದು ಅತ್ತೆಯವರು ಏನೂ ಮಾಡಿಲ್ಲ. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ನಮ್ಮಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾಗುವ ಹೊತ್ತಿಗೆ 2001 ಆಗಿತ್ತು. ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು, ಸರಿಯಾಗಿ ಕುದಿಸದ ಗಾಜಿನ ಸಿರಿಂಜಿನಲ್ಲಿ ಒಬ್ಬರ ಹಿಂದೊಬ್ಬರು ಚುಚ್ಚಿಸಿಕೊಂಡವರು ಊರೂರಲ್ಲಿದ್ದಾರೆ. ಡಯಾಲಿಸಿಸ್, ಹಚ್ಚೆ, ಹಂಚಿಕೊಂಡ ಸೂಜಿಗಳಿಂದಲೂ ಬರುತ್ತದೆ. ವರ್ಷಗಟ್ಟಲೆ ನೋವಿಲ್ಲದೆ ಲಿವರ್ ಹಾಳು ಮಾಡುತ್ತದೆ. ಅದಕ್ಕೇ ಅದು ಹೀಗೆ ಬೇರೆ ಯಾವುದೋ ಆಪರೇಷನ್ ಹೊತ್ತಿಗೆ ಸಿಕ್ಕಿಬೀಳುವುದು.

‘ರಿಯಾಕ್ಟಿವ್’ ಎಂದರೆ ವೈರಸ್ ಎಂದೋ ಒಳಹೊಕ್ಕ ಗುರುತು, ಅಷ್ಟೇ. ಕೆಲವರಲ್ಲಿ ಅದು ತಾನೇ ಹೋಗಿರುತ್ತದೆ. ಈಗಲೂ ಇದೆಯೇ ಎಂದು ಹೇಳುವುದು, ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ. ಮೊದಲ ರಿಪೋರ್ಟ್ ನೋಡಿ ಹೆದರಿ ಎಷ್ಟೋ ಜನ ಈ ಎರಡನೆಯದಕ್ಕೆ ಹೋಗುವುದೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ. ಏಕೆಂದರೆ ಇದು ವಾಸಿಯಾಗುವ ಕಾಯಿಲೆ. ಹಿಂದಿನ ಇಂಟರ್‌ಫೆರಾನ್ ಇಂಜೆಕ್ಷನ್ನಿನ ಕಷ್ಟ ಈಗಿಲ್ಲ. ಸಾಮಾನ್ಯವಾಗಿ 12 ವಾರ ಮಾತ್ರೆ, ಲಿವರ್ ಹಾಳಾಗಿ ಗಡುಸಾಗಿದ್ದರೆ (ಸಿರೋಸಿಸ್) ಕೆಲವರಿಗೆ 24 ವಾರ. ನೂರಕ್ಕೆ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಇದೇ ಹೆಸರು ಹೇಳಿ ವಿಚಾರಿಸಿ.

ಪೊರೆ ಆಪರೇಷನ್ ನಿರಾಕರಿಸಿದ್ದು ತಪ್ಪು. ಪ್ರತಿ ರೋಗಿಯ ರಕ್ತದಲ್ಲೂ ಸೋಂಕಿರಬಹುದೆಂದೇ ಎಚ್ಚರ ವಹಿಸಬೇಕೆಂಬುದು ಆಸ್ಪತ್ರೆಗಳ ನಿಯಮ.

ಜಿಲ್ಲಾಸ್ಪತ್ರೆಗೆ ಹೋಗುವಾಗ ಬಿಪಿ, ಹೃದಯ, ಸಕ್ಕರೆ ಕಾಯಿಲೆ ಅಂತ ಅತ್ತೆಯವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕೆಲವು ಹೃದಯದ ಮಾತ್ರೆ ಹೆಪಟೈಟಿಸ್ ಸಿ ಮಾತ್ರೆಯ ಜೊತೆ ಕೂಡದು. ಅತ್ತೆಯವರ ಮಗನನ್ನೂ ಜೊತೆಗೆ ಕಳಿಸಿ, ಅವರದೂ ಒಮ್ಮೆ ಪರೀಕ್ಷೆ ಆಗಲಿ.