ಎರಡು ತಿಂಗಳು ಆರ್‌ವಿಯಲ್ಲಿ (ಒಳಗೇ ಅಡುಗೆ ಮಾಡಿ ಮಲಗುವ ಮನೆಗಾಡಿಯಲ್ಲಿ) ಫ್ಲೋರಿಡಾ ಕರಾವಳಿ ಸುತ್ತೋಕೆ 32 ಅಡಿಯ ಗಾಡಿ ಸಾಕಾ, 36 ಅಡಿಯದ್ದು ಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಗಂಡ, ಹೆಂಡತಿ, ಅಪ್ಪ, ಅಮ್ಮ. ಜನವರಿ, ಫೆಬ್ರವರಿ. ವಾಯುವ್ಯ ಮೂಲೆಯ ಪೆನ್ಸಕೋಲಾದಿಂದ ದಕ್ಷಿಣ ತುದಿಯ ದ್ವೀಪ ಕೀ ವೆಸ್ಟ್‌ವರೆಗೆ 22 ಊರು. ನಿಮ್ಮ ಪಟ್ಟಿ ಓದುತ್ತಾ ಹೋದ ಹಾಗೆ 2024ರ ಜನವರಿಯಲ್ಲಿ ನಾನೇ ಬರೆದಿಟ್ಟುಕೊಂಡ ಪಟ್ಟಿ ಕಣ್ಣ ಮುಂದೆ ಬಂತು. ನಮ್ಮದರಲ್ಲಿ 19 ಊರಿತ್ತು, ಏಳು ವಾರ, ನಾಲ್ಕೇ ಜನ. ಬಾಡಿಗೆಗೆ ತಗೊಂಡ ಮೋಟರ್‌ಹೋಮ್ (ತಾನೇ ಓಡುವ ಆರ್‌ವಿ) ಕೂಡ 32 ಅಡಿಯದ್ದೇ.

ಉದ್ದದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದು ಹೇಳಿ: ಜೊತೆಗೆ ಕಾರು ತಗೊಂಡು ಹೋಗ್ತೀರಾ? ನಿಮ್ಮ ಪ್ರಶ್ನೆಯಲ್ಲಿ ಕಾರನ್ನು ಜೊತೆಗೆ ತರುವ ಮಾತೇ ಇಲ್ಲ. ನನ್ನ ಯೋಜನೆಯಲ್ಲೂ ಇರಲಿಲ್ಲ. ನಾವು ಆ ಪ್ರವಾಸದಲ್ಲಿ ಕಳೆದುಕೊಂಡದ್ದೆಲ್ಲ ಆ ಒಂದು ತಪ್ಪಿನಿಂದ.

ಯಾಕೆ ಆ ತಪ್ಪು ಮಾಡಿದೆ ಅಂತ ಬಿಡಿಸಿ ಹೇಳಬೇಕು. ಯಾಕೆಂದರೆ ನೀವೂ ಅದೇ ಲೆಕ್ಕ ಹಾಕುತ್ತಿರಬಹುದು. ನಾವು ಫ್ಲೋರಿಡಾ ಪಕ್ಕದ ಜಾರ್ಜಿಯಾ ರಾಜ್ಯದಿಂದ ಹೊರಟವರು. ನಮ್ಮ ಕಾರು ಮನೆ ಮುಂದೆಯೇ ಇತ್ತು. ನನ್ನ ಹೆಂಡತಿ ಚೆನ್ನಾಗಿ ಓಡಿಸುತ್ತಾಳೆ, ಮೋಟರ್‌ಹೋಮ್ ಹಿಂದೆ ಕಾರಲ್ಲಿ ಬರ್ತೀನಿ ಅಂತ ಅವಳೇ ಹೇಳಿದ್ದಳು. ನಾನು ಕಾಗದ ತಗೊಂಡು ಲೆಕ್ಕ ಹಾಕಿದೆ. ಒಟ್ಟು 2,400 ಮೈಲಿ. ಗ್ಯಾಲನ್‌ಗೆ 30 ಮೈಲಿ ಅಂದರೆ 80 ಗ್ಯಾಲನ್ ಗ್ಯಾಸ್ (ಪೆಟ್ರೋಲ್). ಸುಮಾರು 260 ಡಾಲರ್ ಖರ್ಚು. ಮನೆಯೇ ನಮ್ಮ ಜೊತೆ ಓಡುವಾಗ ಇನ್ನೊಂದು ಗಾಡಿ ಯಾಕೆ ಅನ್ನಿಸಿತು. ಅವಳೊಬ್ಬಳೇ ಗಂಟೆಗಟ್ಟಲೆ ಹಿಂದೆ ಬರೋದು ಬೇಡ, ನಮ್ಮ ಜೊತೆಗೇ ಕೂತು ಕಡಲು ನೋಡಲಿ ಅನ್ನೋ ಆಸೆಯೂ ಇತ್ತು. ಕಾರು ಮನೆಯಲ್ಲೇ ಉಳಿಯಿತು.

ನಾನು ಲೆಕ್ಕಕ್ಕೆ ತಗೊಳ್ಳದೆ ಹೋದದ್ದು ಇದು. ಮೋಟರ್‌ಹೋಮ್ ಕ್ಯಾಂಪ್‌ಗ್ರೌಂಡಿನ ಸೈಟಿನಲ್ಲಿ, ಅಂದರೆ ಒಂದು ಗಾಡಿ ನಿಲ್ಲಿಸೋಕೆ ಬಾಡಿಗೆಗೆ ಕೊಡುವ ಜಾಗದಲ್ಲಿ, ನಿಂತ ಮೇಲೆ ಅದು ಗಾಡಿಯಾಗಿ ಉಳಿಯೋದಿಲ್ಲ. ನಲ್ಲಿಯಿಂದ ನೀರಿನ ಪೈಪ್ ಬಂದಿರುತ್ತೆ. ಕರೆಂಟಿನ ದಪ್ಪ ಕೇಬಲ್ ಕಂಬಕ್ಕೆ ಸಿಕ್ಕಿಸಿರುತ್ತೆ. ಕೆಳಗೆ ಕೊಳಚೆಯ ಪೈಪ್. ನಾಲ್ಕು ಮೂಲೆಗೆ ಜ್ಯಾಕ್. ಪಕ್ಕದ ಗೋಡೆ ಹೊರಗೆ ಚಾಚಿಕೊಂಡಿರುತ್ತೆ, ಅದಕ್ಕೆ ಸ್ಲೈಡ್ ಅಂತಾರೆ. ಹೊರಗೆ ನೆರಳಿನ ಚಪ್ಪರ ಬಿಚ್ಚಿರುತ್ತೆ. ಹತ್ತು ಮೈಲಿ ದೂರದ ಬೀಚಿಗೆ ಹೋಗಬೇಕು ಅಂದರೂ ಇಷ್ಟನ್ನೂ ಕಳಚಬೇಕು.

ಒಳಗೆ ಒಲೆ ಮೇಲಿನ ಪಾತ್ರೆಯಿಂದ ಹಿಡಿದು ಅಮ್ಮನ ಮಾತ್ರೆ ಡಬ್ಬಿಯವರೆಗೆ ಎಲ್ಲ ಕಪಾಟಿಗೆ ಹೋಗಬೇಕು. ಫ್ರಿಜ್ ಬಾಗಿಲಿಗೆ ಚಿಲಕ. ಸ್ಲೈಡ್ ಒಳಗೆ ಎಳೆಯುವಾಗ ದಾರಿಯಲ್ಲಿ ಕುರ್ಚಿಯೋ ಕಾಲೋ ಇಲ್ಲ ಅಂತ ನೋಡಬೇಕು. ಹೊರಗೆ ಮೊದಲು ಬ್ರೇಕರ್ ಆಫ್, ಆಮೇಲೆ ಕೇಬಲ್. ಕೊಳಚೆಯಲ್ಲಿ ಮೊದಲು ಶೌಚದ ಟ್ಯಾಂಕಿನ ವಾಲ್ವ್ ತೆಗೆಯಬೇಕು, ಆಮೇಲೆ ಸ್ನಾನದ ಮತ್ತು ಪಾತ್ರೆ ತೊಳೆದ ನೀರಿನದು. ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತೆ. ಈ ಕ್ರಮ ತಪ್ಪಿದರೆ ಗಲೀಜು ಪೈಪನ್ನೇ ಕೈಯಲ್ಲಿ ಹಿಡಿದು ಮಡಚಬೇಕಾಗುತ್ತೆ. ಕೊನೆಗೆ ಜ್ಯಾಕ್ ಎತ್ತಿ, ಗಾಡಿ ಸುತ್ತ ಒಂದು ಸುತ್ತು ಬಂದು ನೋಡಬೇಕು. ಅಭ್ಯಾಸ ಆದ ಮೇಲೂ ನಮಗೆ 45 ನಿಮಿಷ ಹಿಡಿಯುತ್ತಿತ್ತು. ವಾಪಸ್ ಬಂದ ಮೇಲೆ ಮತ್ತೆ ಎಲ್ಲ ಜೋಡಿಸೋಕೆ ಅರ್ಧ ಗಂಟೆ. ಅಪ್ಪನ ಮಂಡಿ ಸರಿ ಇರಲಿಲ್ಲ, ಅಮ್ಮನಿಗೆ ಬೆನ್ನು ನೋವು. ಪ್ರತಿ ಸಲ ಅವರನ್ನು ಕೂರಿಸು, ಇಳಿಸು. ಎರಡನೇ ವಾರಕ್ಕೇ ಅವರು ‘ನೀವಿಬ್ಬರು ಹೋಗಿ ಬನ್ನಿ, ನಾವು ಇಲ್ಲೇ ಇರ್ತೀವಿ’ ಅನ್ನತೊಡಗಿದರು. ಆದರೆ ಅವರು ಇರುವ ಮನೆಯನ್ನೇ ನಾವು ಓಡಿಸಿಕೊಂಡು ಹೋಗಬೇಕಲ್ವಾ?

ಮೊದಲ ಪೆಟ್ಟು ಕ್ರಿಸ್ಟಲ್ ರಿವರ್ ಅನ್ನೋ ಊರಿನಲ್ಲಿ. ಅಪ್ಪ ಇಡೀ ಪ್ರವಾಸದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ, ಮ್ಯಾನಟೀ ನೋಡಬೇಕು. ನೀರಿನೊಳಗೆ ಹುಲ್ಲು ಮೇಯುವ, ಸಾವಿರ ಪೌಂಡ್ ಆಸುಪಾಸು ತೂಗುವ ಸಾಧು ಪ್ರಾಣಿ. ಚಳಿಗಾಲದಲ್ಲಿ ಕಡಲಿನ ನೀರು 68 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದರೆ ಅವಕ್ಕೆ ತಡೆಯೋಕೆ ಆಗೋದಿಲ್ಲ. ಕ್ರಿಸ್ಟಲ್ ರಿವರ್‌ನ ಬುಗ್ಗೆಗಳ ನೀರು ವರ್ಷವಿಡೀ 72 ಡಿಗ್ರಿ. ಅದಕ್ಕೇ ನೂರಾರು ಮ್ಯಾನಟೀಗಳು ಅಲ್ಲಿಗೆ ಬಂದು ಸೇರುತ್ತವೆ. ಚಳಿ ಜಾಸ್ತಿ ಇದ್ದ ಬೆಳಗ್ಗೆ ಬೇಗ ಹೋದರೆ ಗುಂಪು ಗುಂಪಾಗಿ ಮಲಗಿರುತ್ತವೆ. ಬಿಸಿಲೇರಿದ ಮೇಲೆ ಮೇಯೋಕೆ ಹೊರಟುಬಿಡುತ್ತವೆ. ನಮ್ಮ ಕ್ಯಾಂಪ್‌ಗ್ರೌಂಡ್ ಊರಿನಿಂದ ಒಂಬತ್ತು ಮೈಲಿ ಆಚೆ. ಏಳಕ್ಕೆ ಅಲ್ಲಿರಬೇಕು ಅಂದುಕೊಂಡಿದ್ದೆವು. ಎಲ್ಲ ಕಳಚಿ, ಅಪ್ಪ ಅಮ್ಮನನ್ನು ಕೂರಿಸಿ, 32 ಅಡಿ ನಿಲ್ಲಿಸುವ ಜಾಗ ಹುಡುಕಿ, ಅಲ್ಲಿಂದ ಅಪ್ಪನನ್ನು ನಡೆಸಿಕೊಂಡು ಹೋಗುವಷ್ಟರಲ್ಲಿ ಹನ್ನೊಂದು ಗಂಟೆ. ನೀರಿನ ತಳದಲ್ಲಿ ಎರಡು ನೆರಳು ಸರಿದದ್ದು ಕಂಡಿತು. ಅಪ್ಪ ಏನೂ ಅನ್ನಲಿಲ್ಲ. ಮಾರನೇ ದಿನ ಮತ್ತೆ ಹೋಗೋಣ ಅಂದರೆ ಮುಂದಿನ ಊರಿನ ಬುಕಿಂಗ್ ಇತ್ತು. ಪಟ್ಟಿಯಲ್ಲಿ 19 ಊರಿದ್ದರೆ ಹೀಗೇ ಆಗೋದು.

ಎರಡನೆಯದು ಕೀ ವೆಸ್ಟ್. ನಾವು ಉಳಿದದ್ದು ಬಾಹಿಯಾ ಹೊಂಡಾ ದ್ವೀಪದ ಸ್ಟೇಟ್ ಪಾರ್ಕಿನಲ್ಲಿ, ಅಂದರೆ ರಾಜ್ಯ ಸರ್ಕಾರದ ಉದ್ಯಾನದಲ್ಲಿ, 37ನೇ ಮೈಲಿಗಲ್ಲಿನ ಹತ್ತಿರ. ಆ ಜಾಗದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹೆನ್ರಿ ಫ್ಲ್ಯಾಗ್ಲರ್ ಅನ್ನೋ ಉದ್ಯಮಿ ದ್ವೀಪದಿಂದ ದ್ವೀಪಕ್ಕೆ ಹಾಕಿಸಿದ ರೈಲುಮಾರ್ಗ 1912ರಲ್ಲಿ ಕೀ ವೆಸ್ಟ್ ಮುಟ್ಟಿತು. 1935ರ ಚಂಡಮಾರುತ ಅದನ್ನು ಹಾಳುಮಾಡಿತು. ಉಳಿದ ಸೇತುವೆಗಳ ಮೇಲೆ ರಸ್ತೆ ಮಾಡಿ 1938ರಲ್ಲಿ ಹೆದ್ದಾರಿ ತೆರೆದರು. ಬಾಹಿಯಾ ಹೊಂಡಾದ ಹಳೇ ಸೇತುವೆಯಲ್ಲಿ ರೈಲು ಹೋಗುತ್ತಿದ್ದ ಕಬ್ಬಿಣದ ಚೌಕಟ್ಟಿನ ನೆತ್ತಿಯ ಮೇಲೆ ರಸ್ತೆ ಹಾಕಿದ್ದಾರೆ. ಈಗ ಅದರ ಒಂದು ತುಂಡು ತೆಗೆದು ಹಾಕಿದ್ದಾರೆ, ಆ ಕಿಂಡಿಯ ಕಡೆ ಸೂರ್ಯ ಇಳಿಯೋದನ್ನು ಕುರ್ಚಿ ಹಾಕಿಕೊಂಡು ನೋಡಿದೆವು. ಅಲ್ಲೇ ಇದ್ದುಬಿಡಬೇಕಿತ್ತು.

ಮಾರನೇ ದಿನ ಕೀ ವೆಸ್ಟ್‌ಗೆ ಹೊರಟೆವು. 37 ಮೈಲಿ ಸಲೀಸಾಗಿ ಸಾಗಿತು. ಹಳೇ ಊರಿನೊಳಗೆ ಹೋದ ಮೇಲೆ ಕಷ್ಟ ಶುರು. ಕಿರಿದಾದ ಬೀದಿ, ಎರಡೂ ಬದಿ ಕಾರು, ಮೇಲೆ ಬಾಗಿದ ಮರ. ಕಂಡ ಪಾರ್ಕಿಂಗ್ ಎಲ್ಲ ಕಾರಿನ ಅಳತೆಯದ್ದು. ಐವತ್ತು ನಿಮಿಷ ಸುತ್ತಿದೆ. ಒಂದು ತಿರುವಿನಲ್ಲಿ ಕೊಂಬೆಯೊಂದು ಛಾವಣಿಗೆ ಹೊಡೆದು ಎಸಿಯ ಮುಚ್ಚಳ ಒಡೆಯಿತು, ಛಾವಣಿಯೂ ಸೀಳಿತು. ಬಾಡಿಗೆ ಕೊಟ್ಟವರು ಠೇವಣಿಯಲ್ಲಿ 1,500 ಡಾಲರ್ ಹಿಡಿದುಕೊಂಡರು. ‘ಕ್ಯೂಬಾಗೆ 90 ಮೈಲಿ’ ಅಂತ ಬರೆದಿರುವ ಆ ದೊಡ್ಡ ಬಣ್ಣದ ಗುರುತಿನ ಹತ್ತಿರ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು ಅಂದುಕೊಂಡಿದ್ದೆ. ಅವರು ಗಾಡಿಯಿಂದ ಇಳಿಯಲೇ ಇಲ್ಲ. 260 ಡಾಲರ್ ಗ್ಯಾಸ್ ಉಳಿಸೋಕೆ ಹೋಗಿದ್ದೆ ನಾನು.

ಆಮೇಲೆ ಎವರ್‌ಗ್ಲೇಡ್ಸ್ ಅನ್ನೋ ಜೌಗು ನೆಲದ ರಾಷ್ಟ್ರೀಯ ಉದ್ಯಾನಕ್ಕೆ ಬಂದೆವು. ಹೋಮ್‌ಸ್ಟೆಡ್ ಊರಿನ ಕಡೆಯ ಬಾಗಿಲಿನಿಂದ ಒಳಗೆ 38 ಮೈಲಿ ಹೋದರೆ ರಸ್ತೆ ಕೊನೆಯಾಗುವ ಜಾಗ ಫ್ಲಮಿಂಗೋ. ಎರಡು ರಾತ್ರಿ ಅಂದುಕೊಂಡಿದ್ದವರು ಆರು ರಾತ್ರಿ ಉಳಿದೆವು. ಕಾರಣ ಇಷ್ಟೇ, ಗಾಡಿ ಕದಲಿಸುವ ಅಗತ್ಯ ಬೀಳಲಿಲ್ಲ. ದೋಣಿಗಳು ನಿಲ್ಲುವ ಮರೀನಾಗೆ ನಾವು ನಡೆದೇ ಹೋಗುತ್ತಿದ್ದೆವು. ಅಪ್ಪ ಮಡಚುವ ಕುರ್ಚಿ ಹಿಡಿದುಕೊಂಡು ನಿಧಾನ ಬರುತ್ತಿದ್ದರು, ನಡುವೆ ಎರಡು ಸಲ ಕೂರುತ್ತಿದ್ದರು. ಆ ಭಾಗದಲ್ಲಿ ಅಲಿಗೇಟರ್ ಮತ್ತು ಮೊಸಳೆ ಎರಡೂ ಇವೆ. ದಕ್ಷಿಣ ಫ್ಲೋರಿಡಾ ಬಿಟ್ಟರೆ ಎರಡೂ ಒಟ್ಟಿಗೆ ಕಾಡಿನಲ್ಲಿ ಬದುಕುವ ಜಾಗ ಬೇರೆ ಇಲ್ಲ. ಮೂರನೇ ದಿನ ಬೆಳಗ್ಗೆ ಅಪ್ಪ ಕೂತಿದ್ದ ಕಡೆಯೇ ನೀರು ಉಬ್ಬಿತು. ಬೂದು ಬಣ್ಣದ ಮೂತಿ ಮೇಲೆ ಬಂದು ಉಸಿರು ಬಿಟ್ಟು ಒಳಗೆ ಹೋಯಿತು. ಮ್ಯಾನಟೀ! ಹಿಂದೆ ಇನ್ನೊಂದು, ಮರಿ. ಅಪ್ಪ, ಅಮ್ಮನ ತೋಳು ಹಿಡಿದು ಅವಳನ್ನು ಎಬ್ಬಿಸಿದರು. ಆಮೇಲೆ ಮೂರೂ ದಿನ ಬೆಳಗ್ಗೆ ನಮಗಿಂತ ಮೊದಲೇ ಅವರಿಬ್ಬರು ಅಲ್ಲಿ ಹೋಗಿ ಕೂತಿರುತ್ತಿದ್ದರು.

ಅಲ್ಲಿಂದಲೇ ಉಳಿದ ಒಂಬತ್ತು ಊರಿನ ಬುಕಿಂಗ್ ರದ್ದು ಮಾಡಿದೆ. ಫೋರ್ಟ್ ಮೈಯರ್ಸ್ ಹತ್ತಿರ ಒಂದೇ ಕಡೆ ಹದಿನಾಲ್ಕು ರಾತ್ರಿ ನಿಂತೆವು, ಒಂದು ಸಣ್ಣ ಕಾರು ಬಾಡಿಗೆಗೆ ತಗೊಂಡೆವು. ಮೊದಲ ನಾಲ್ಕು ವಾರಕ್ಕಿಂತ ಆ ಎರಡು ವಾರದಲ್ಲಿ ನೋಡಿದ್ದು ಜಾಸ್ತಿ. ಸ್ಯಾನಿಬೆಲ್ ದ್ವೀಪದ ಚಿಪ್ಪಿನ ತೀರ. ಅಲ್ಲಿನ ಡಿಂಗ್ ಡಾರ್ಲಿಂಗ್ ಪಕ್ಷಿಧಾಮದಲ್ಲಿ ಕಾರಲ್ಲೇ ಕೂತು ನಿಧಾನ ಸಾಗುತ್ತಾ ಗುಲಾಬಿ ಸ್ಪೂನ್‌ಬಿಲ್ ಹಕ್ಕಿ ನೋಡಿದೆವು. ಆ ದಾರಿ ಶುಕ್ರವಾರ ಮುಚ್ಚಿರುತ್ತೆ, ನೆನಪಿಡಿ. 2022ರ ಸೆಪ್ಟೆಂಬರಿನ ಇಯಾನ್ ಚಂಡಮಾರುತ ಆ ಕಡೆಯ ತೀರವನ್ನು ಹೇಗೆ ಮುರಿದಿದೆ ಅನ್ನೋದು ನಾವು ಹೋದಾಗಲೂ ಕಾಣುತ್ತಿತ್ತು. ನೇಪಲ್ಸ್ ಕಡೆ ಕಾರ್ಕ್‌ಸ್ಕ್ರೂ ಸ್ವಾಂಪ್ ಅಂತ ಒಂದು ಜೌಗು ಕಾಡಿದೆ. ನೂರಾರು ವರ್ಷದ ಸೈಪ್ರೆಸ್ ಮರಗಳ ನಡುವೆ ಎರಡು ಮೈಲಿಗೂ ಮೀರಿದ ಹಲಗೆ ದಾರಿ. ಮಂಡಿ ನೋವಿನವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಬಹುದು. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ, ಸೇರಿಸಿ.

ಈಗ ನಿಮ್ಮ 32, 36ರ ವಿಷಯ. ನನ್ನ ಪ್ರಕಾರ ಎರಡೂ ಬೇಡ. ಮೋಟರ್‌ಹೋಮೇ ಬೇಡ. ನಿಮ್ಮ ಹತ್ತಿರ ಕಾರಿದೆ, ಗಂಡ ಹೆಂಡತಿ ಇಬ್ಬರೂ ಓಡಿಸ್ತೀರಿ ಅಂತ ಬರೆದಿದ್ದೀರಿ. ಎಂಜಿನ್ ಇಲ್ಲದ, ಬೇರೆ ಗಾಡಿಗೆ ಕಟ್ಟಿ ಎಳೆಯುವ ಟ್ರೇಲರ್ ಮನೆಯನ್ನು ಕ್ಯಾಂಪ್‌ಗ್ರೌಂಡಿನ ಸೈಟಿಗೇ ತಂದು, ಸಮ ಮಾಡಿ, ನೀರು ಕರೆಂಟು ಜೋಡಿಸಿ ಕೊಟ್ಟು, ನಿಮ್ಮ ಬಾಡಿಗೆಯ ದಿನಗಳು ಮುಗಿದ ಮೇಲೆ ತಗೊಂಡು ಹೋಗುವ ಬಾಡಿಗೆಯವರು ಫ್ಲೋರಿಡಾದಲ್ಲಿ ಇದ್ದಾರೆ. ನೀವು ನಿಮ್ಮ ಕಾರಲ್ಲಿ ಆರಾಮಾಗಿ ಬನ್ನಿ. ದೊಡ್ಡ ಗಾಡಿ ಓಡಿಸುವ ಆಸೆ ಇದ್ದೇ ಇದೆ ಅಂದರೆ 25 ಅಡಿ ದಾಟಬೇಡಿ, ಒಬ್ಬರು ಕಾರಲ್ಲಿ ಹಿಂದೆ ಬನ್ನಿ. ಮೋಟರ್‌ಹೋಮಿನ ಹಿಂದೆ ಕಾರು ಕಟ್ಟಿ ಎಳೆಯೋಕೆ ಎಷ್ಟೋ ಬಾಡಿಗೆ ಕಂಪನಿಗಳು ಒಪ್ಪೋದಿಲ್ಲ, ಅದನ್ನು ನಂಬಿಕೊಳ್ಳಬೇಡಿ. 36 ಅಡಿಯಲ್ಲಿ ಒಳಗೆ ಜಾಗ ಸಿಗುತ್ತೆ ನಿಜ. ಆದರೆ ಜನವರಿಯ ಫ್ಲೋರಿಡಾದಲ್ಲಿ ಹಗಲೆಲ್ಲ ಹೊರಗೇ ಕೂರುತ್ತೀರಿ, ಒಳಗಿನ ಜಾಗ ಯಾರಿಗೆ ಬೇಕು?

22 ಊರನ್ನು ನಾಲ್ಕಕ್ಕೆ ಇಳಿಸಿ. ಕ್ರಿಸ್ಟಲ್ ರಿವರ್, ಫೋರ್ಟ್ ಮೈಯರ್ಸ್ ಸುತ್ತಮುತ್ತ, ಫ್ಲಮಿಂಗೋ, ಬಾಹಿಯಾ ಹೊಂಡಾ. ಒಂದೊಂದರಲ್ಲಿ ಎರಡು ವಾರ. ಸ್ಟೇಟ್ ಪಾರ್ಕುಗಳಲ್ಲಿ ಒಂದೇ ಸಲಕ್ಕೆ ಹದಿನಾಲ್ಕು ರಾತ್ರಿಗಿಂತ ಹೆಚ್ಚು ಕೊಡೋದೂ ಇಲ್ಲ. ಪೆನ್ಸಕೋಲಾ ಮತ್ತು ಆ ಉತ್ತರದ ತೀರವನ್ನು ಪೂರ್ತಿ ಬಿಡಿ. ಬಿಳೀ ಮರಳು ತುಂಬಾ ಚೆಂದ, ಒಪ್ತೀನಿ. ಆದರೆ ಜನವರಿಯಲ್ಲಿ ಅಲ್ಲಿ ರಾತ್ರಿ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇಳಿಯುತ್ತೆ. ಚಳಿ ತಪ್ಪಿಸಿಕೊಳ್ಳೋಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರು ಅಲ್ಲಿ ಹೋಗಿ ಹೀಟರ್ ಹಾಕಿಕೊಂಡು ಕೂರಬೇಕಾ?

ಬುಕಿಂಗ್ ಈಗಲೇ ಯೋಚಿಸಿ. 2024ರಿಂದ ಫ್ಲೋರಿಡಾ ನಿವಾಸಿಗಳಿಗೆ ಸ್ಟೇಟ್ ಪಾರ್ಕ್ ಸೈಟುಗಳು 11 ತಿಂಗಳು ಮೊದಲು ಸಿಗುತ್ತವೆ, ಹೊರಗಿನವರಿಗೆ 10 ತಿಂಗಳು ಮೊದಲು. ಜನವರಿ 10ಕ್ಕೆ ಸೈಟ್ ಬೇಕಿದ್ದರೆ ಅದರ ಹಿಂದಿನ ಮಾರ್ಚ್ 10ರ ಬೆಳಗ್ಗೆಯೇ ಕಂಪ್ಯೂಟರ್ ಮುಂದೆ ಕೂತಿರಿ. ಅಷ್ಟರಲ್ಲಿ ಅಲ್ಲಿನವರು ಒಂದು ತಿಂಗಳಿಂದ ಆರಿಸಿಕೊಂಡಿರುತ್ತಾರೆ, ಬಾಹಿಯಾ ಹೊಂಡಾ ಸಿಗದೆಯೂ ಹೋಗಬಹುದು. ಸಿಗದಿದ್ದರೆ ಬಿಡಬೇಡಿ. ರದ್ದಾದ ಸೈಟುಗಳು ಮತ್ತೆ ಬರುತ್ತಲೇ ಇರುತ್ತವೆ, ದಿನಾ ಬೆಳಗ್ಗೆ ಸಂಜೆ ನೋಡುತ್ತಿರಿ. ನಮಗೆ ಅಲ್ಲಿ ಸಿಕ್ಕ ಎರಡು ರಾತ್ರಿ ಹಾಗೇ ಸಿಕ್ಕದ್ದು.

ಫ್ಲಮಿಂಗೋದಲ್ಲಿ ಕರೆಂಟ್ ಇರುವ ಸೈಟನ್ನೇ ಕೇಳಿ ತಗೊಳ್ಳಿ, ಎಲ್ಲ ಸೈಟಿನಲ್ಲೂ ಇರೋದಿಲ್ಲ. ಎರಡು ವಾರದ ದಿನಸಿ, ಅಪ್ಪ ಅಮ್ಮನ ಔಷಧಿ ಎಲ್ಲ ಹೋಮ್‌ಸ್ಟೆಡ್‌ನಲ್ಲೇ ತುಂಬಿಕೊಳ್ಳಿ. ಸೊಳ್ಳೆಗೆ ಹಚ್ಚುವ ಕ್ರೀಮ್ ಚಳಿಗಾಲದಲ್ಲೂ ಬೇಕು. ಮಡಚುವ ಕುರ್ಚಿ ನಾಲ್ಕು ತಗೊಳ್ಳಿ, ಹಗುರದ್ದು, ಅಪ್ಪನೇ ಎತ್ತಿಕೊಂಡು ಹೋಗುವಂಥದ್ದು.