ಪ್ರತಿಕ್ರಿಯೆ: ಚರ್ಮ ಯಾಕೆ ಮೂಳೆಯಂತೆ ಗಟ್ಟಿಯಾಗಲ್ಲ?

ಚರ್ಮದಲ್ಲೂ ಮೂಳೆಯಲ್ಲೂ ಇರುವುದು ಅದೇ ಒಂದನೇ ಬಗೆಯ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್, ಹಾಗಿದ್ದರೆ ಚರ್ಮ ಯಾಕೆ ಗಟ್ಟಿಯಾಗಲ್ಲ ಎಂದು ಕೇಳಿದ್ದೀರಿ. ನನಗೂ ಓದುವಾಗ ಇದೇ ಅನುಮಾನ ಬಂದಿತ್ತು.

ಕೊಲಾಜೆನ್ ಬರೀ ಚೌಕಟ್ಟು; ಮೂಳೆಯನ್ನು ಗಟ್ಟಿ ಮಾಡುವುದು ಅದರಲ್ಲಿ ಕೂರುವ ಖನಿಜದ ಹರಳುಗಳು. ಅದರ ಎಳೆಗಳಲ್ಲಿ ಸುಮಾರು 67 ನ್ಯಾನೋಮೀಟರಿಗೊಮ್ಮೆ ಸಣ್ಣ ಖಾಲಿ ಜಾಗ ಬರುತ್ತದೆ. ಎಳೆಯೊಳಗಿನ ಮೊದಲ ಹರಳುಗಳು ಅಲ್ಲೇ ಕೂರುತ್ತವೆ. ಆದರೆ ಜಾಗ ಇದ್ದರಷ್ಟೇ ಸಾಲದು. ಪೈರೋಫಾಸ್ಫೇಟ್ ಎಂಬ ಪುಟ್ಟ ಅಣು ಹರಳು ಕಟ್ಟದಂತೆ ಎಲ್ಲ ಕಡೆ ಕಾವಲು ನಿಂತಿರುತ್ತದೆ. ಮೂಳೆ ಕಟ್ಟುವ ಜೀವಕೋಶಗಳ ಬಳಿ ಅದನ್ನು ಒಡೆಯುವ ಕಿಣ್ವ ಇದೆ: ಆಲ್ಕಲೈನ್ ಫಾಸ್ಫಟೇಸ್. ರಕ್ತಪರೀಕ್ಷೆಯ ಚೀಟಿಯಲ್ಲಿ ಎಎಲ್‌ಪಿ ಅಂತ ಬರುತ್ತಲ್ಲ, ಅದೇ. ಇಲಿಗಳ ಚರ್ಮದಲ್ಲೂ ಈ ಕಿಣ್ವ ತಯಾರಾಗುವಂತೆ ಮಾಡಿದಾಗ ಅಲ್ಲೂ ಖನಿಜ ಕಟ್ಟಿತು! 2005ರ ಪ್ರಯೋಗ ಅದು.

ಮೂಳೆಯಲ್ಲಿ ಕೊಲಾಜೆನ್ ಬಿಟ್ಟು ಉಳಿದ ಪ್ರೋಟೀನುಗಳೆಲ್ಲ ಖನಿಜ ಕೂರಿಸುವವೇ ಎಂದುಕೊಳ್ಳಬೇಡಿ. ಬೋನ್ ಸಯಾಲೋಪ್ರೋಟೀನ್ ಹರಳಿಗೆ ನೆರವಾಗುತ್ತದೆ, ಆಸ್ಟಿಯೋಪಾಂಟಿನ್ ತಡೆಯುತ್ತದೆ. ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳಲ್ಲಿ ಮೂಳೆ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು (1996). ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಇಲ್ಲದವುಗಳ ಕಥೆ ಇನ್ನೂ ಕೆಟ್ಟದು. ರಕ್ತನಾಳಗಳೇ ಸುಣ್ಣಗಟ್ಟಿ, ಎರಡು ತಿಂಗಳೊಳಗೆ ಸತ್ತವು.