ಜಜ್ಜಿಹೋದ ಕಾಲು: ಉಳಿಸಿಕೊಳ್ಳಬೇಕಾ, ತೆಗೆಸಬೇಕಾ?

ನಿಮ್ಮ ತಮ್ಮನ ಕಾಲಿನ ಮೇಲೆ ಲಾರಿ ಹತ್ತಿ, ಮೊಣಕಾಲಿನ ಕೆಳಗೆ ಮೂಳೆ ಪುಡಿಯಾಗಿದೆ, ಚರ್ಮವೂ ಹೋಗಿದೆ ಎಂದು ಬರೆದಿದ್ದೀರಿ. ಉಳಿಸಿಕೊಂಡರೆ ನಾಲ್ಕೈದು ಆಪರೇಷನ್, ಒಂದು ವರ್ಷಕ್ಕಿಂತ ಜಾಸ್ತಿ ಸಮಯ. ತೆಗೆಸಿದರೆ ಬೇಗ ಓಡಾಡಬಹುದಂತೆ. ಯಾವುದು ಸರಿ ಎಂಬುದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. 2015ರಲ್ಲಿ ಬೈಕಿನಿಂದ ಬಿದ್ದಾಗ ನನ್ನ ಎಡಗಾಲಿನ ವಿಷಯದಲ್ಲೂ ಇದೇ ಮಾತು ಬಂದಿತ್ತು. ನಾನು ಉಳಿಸಿಕೊಂಡೆ. ಹಾಗಂತ ನೀವೂ ಉಳಿಸಿಕೊಳ್ಳಿ ಎಂದು ಹೇಳುತ್ತಿಲ್ಲ.

ಮೊದಲು ಹೋದ ಆಸ್ಪತ್ರೆಯಲ್ಲಿ ಗಾಯಕ್ಕೆ ಬಿಗಿಯಾಗಿ ಹೊಲಿಗೆ ಹಾಕಿ ಮುಚ್ಚಿಬಿಟ್ಟರು. ರಸ್ತೆಯ ಮಣ್ಣು ಒಳಗೇ ಉಳಿದಿತ್ತು. ನಾಲ್ಕನೇ ದಿನಕ್ಕೆ ಕೀವು. ಎರಡನೇ ಆಸ್ಪತ್ರೆಯಲ್ಲಿ ಎಲ್ಲ ಬಿಚ್ಚಿ, ಸತ್ತ ಮಾಂಸ, ಕೆಟ್ಟ ಮೂಳೆ ತೆಗೆದರು. ಆಮೇಲೆ ತೊಡೆಯಿಂದ ಒಂದು ತುಂಡು ಚರ್ಮವನ್ನು ರಕ್ತನಾಳದ ಸಮೇತ ತಂದು ಗಾಯ ಮುಚ್ಚಿದರು. ಫ್ಲ್ಯಾಪ್ ಅಂತಾರೆ. ನಾಳಗಳನ್ನು ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂದಲಿಗಿಂತ ತೆಳ್ಳನೆಯ ದಾರದಲ್ಲಿ ಹೊಲಿಯುತ್ತಾರೆ. ಈ ವಿದ್ಯೆ ಇಲ್ಲದ ಕಾಲದಲ್ಲಿ ನನ್ನಂಥ ಕಾಲನ್ನು ಹೆಚ್ಚಾಗಿ ಕತ್ತರಿಸುವುದೇ ಆಗಿತ್ತು.

ಮೂಳೆಯಲ್ಲಿ 6 ಸೆಂ.ಮೀ. ಖಾಲಿ. ಅದಕ್ಕೆ ಇಲಿಜರೋವ್ ರಿಂಗ್ ಹಾಕಿದರು. ಕಾಲಿನ ಸುತ್ತ ಲೋಹದ ಬಳೆಗಳು, ಅವನ್ನು ಮೂಳೆಗೆ ಹಿಡಿಸುವ ತಂತಿಗಳು, ಸರಿಸಲು ನಟ್ಟುಗಳು. ಸೈಬೀರಿಯಾದ ಕುರ್ಗಾನ್‌ ಊರಿನಲ್ಲಿ ಡಾಕ್ಟರ್ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನ. ಚೆನ್ನಾಗಿರುವ ಮೂಳೆಯನ್ನು ಒಂದು ಕಡೆ ಕತ್ತರಿಸಿ, ಆ ತುಂಡನ್ನು ದಿನಕ್ಕೆ 1 ಮಿ.ಮೀ. ಸರಿಸುತ್ತಾ ಹೋದರೆ ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಒಂದೇ ಸಲ ತಿರುಗಿಸುವ ಹಾಗಿಲ್ಲ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿ.ಮೀ. ‘ಕಾಲಿಗೆ ಕಾಲು’ ಎಂದು ತಂಗಿ ತಮಾಷೆ ಮಾಡುತ್ತಿದ್ದಳು. ನಟ್ಟು ತಿರುಗಿಸುವ ಕೆಲಸ ಅಮ್ಮನದು. ಹತ್ತರ ಸ್ಪ್ಯಾನರ್ ಅವರ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೆರಡು. ತಿರುಗಿಸಿದ ಮೇಲೆ ಕ್ಯಾಲೆಂಡರ್‌ನಲ್ಲಿ ಒಂದು ಗೀಟು.

ಸರಿಸುವ ಕೆಲಸ ಎರಡು ತಿಂಗಳಲ್ಲಿ ಮುಗಿಯಿತು. ಹೊಸ ಮೂಳೆ ಗಟ್ಟಿಯಾಗಲು ಕಾಯಬೇಕಲ್ವಾ? ರಿಂಗ್ ತೆಗೆದದ್ದು ಹತ್ತು ತಿಂಗಳಿಗೆ. ನಡುವೆ ಎರಡು ತಂತಿಗಳ ಬುಡದಲ್ಲಿ ಕೀವಾಯಿತು. ಪ್ಯಾಂಟಿನ ಒಂದು ಕಾಲಿನ ಹೊಲಿಗೆ ಬಿಚ್ಚಿ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಬೆಡ್‌ನಲ್ಲಿದ್ದ ಬಡಗಿಯೊಬ್ಬರಿಗೆ ಮೊಣಕಾಲಿನ ಕೆಳಗೆ ತೆಗೆದಿದ್ದರು. ಐದನೇ ತಿಂಗಳಿಗೆ ಕೃತಕ ಕಾಲು ಹಾಕಿಕೊಂಡು ಕೆಲಸಕ್ಕೆ ಹೊರಟೇಬಿಟ್ಟರು. ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಈಗಲೂ ನನ್ನ ಪಾದ ಪೂರ್ತಿ ಮಡಚುವುದಿಲ್ಲ, ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ.

ಅಮೆರಿಕದ ಎಂಟು ಟ್ರಾಮಾ ಸೆಂಟರ್‌ಗಳಲ್ಲಿ (ದೊಡ್ಡ ಗಾಯಗಳಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ) ಇಂಥ 569 ಜನರನ್ನು ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ನಂತರ ಉಳಿಸಿಕೊಂಡವರಿಗೂ ತೆಗೆಸಿದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಸುಮಾರು ಅರ್ಧದಷ್ಟು ಜನ ಕೆಲಸಕ್ಕೆ ಮರಳಿದ್ದರು. ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆ ಸೇರಿದ್ದು ಜಾಸ್ತಿ. ಬಡತನ, ಧೂಮಪಾನ, ಆಸರೆಯಾಗುವ ಜನ ಇಲ್ಲದಿರುವುದು, ಇವೇ ಹೆಚ್ಚು ಪೆಟ್ಟು ಕೊಟ್ಟಿದ್ದವು. ನಿಮ್ಮ ತಮ್ಮ ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಲಿ. ಫ್ಲ್ಯಾಪ್‌ಗೂ ಆಗದು, ಮೂಳೆಗೂ ಆಗದು.

ನಮ್ಮ ಕಡೆಯ ಗಾಯಗಳಿಗೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಮಾಡಿದ ಸ್ಕೋರ್ ಒಂದಿದೆ. ಚರ್ಮ, ಮೂಳೆ, ಮಾಂಸಖಂಡ, ಜೊತೆಗಿರುವ ಬೇರೆ ತೊಂದರೆಗಳಿಗೆ ಅಂಕ. 14 ಅಥವಾ ಕಡಿಮೆ ಬಂದರೆ ಉಳಿಸಿ, 17 ಅಥವಾ ಜಾಸ್ತಿ ಬಂದರೆ ತೆಗೆಯಿರಿ ಎಂಬ ಲೆಕ್ಕ. 15, 16 ಬಂದರೆ ತೂಗಿ ನೋಡಬೇಕು. ತಮ್ಮನ ಅಂಕ ಎಷ್ಟು ಎಂದು ಕೇಳಿ, ಕೇಳಲು ಸಂಕೋಚ ಬೇಡ.

ಪಾದದಡಿ ಸ್ಪರ್ಶ ಗೊತ್ತಾಗುತ್ತಿಲ್ಲ, ಅದಕ್ಕೇ ತೆಗೆಯಬೇಕು ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಮೊದಮೊದಲು ಸ್ಪರ್ಶ ಹೋದವರಲ್ಲಿ ಎಷ್ಟೋ ಜನರಿಗೆ ಅದು ವಾಪಸ್ ಬರುತ್ತದೆ.

ತೆಗೆಯುವುದೇ ಆದರೆ ಮೊಣಕಾಲು ಉಳಿಯುತ್ತದಾ ಎಂಬುದು ಮೊದಲ ಪ್ರಶ್ನೆಯಾಗಲಿ. ಅದು ಉಳಿದರೆ ನಡಿಗೆಗೆ ಬೇಕಾಗುವ ಶ್ರಮ ತುಂಬಾ ಕಡಿಮೆ. ಕತ್ತರಿಸಿದ ನರದ ತುದಿ ಹಾಗೇ ಬಿಟ್ಟರೆ ಗಂಟಾಗಿ ನೋಯಬಹುದು. ಆ ತುದಿಯನ್ನು ಪಕ್ಕದ ಮಾಂಸಖಂಡದ ಸಣ್ಣ ನರಕ್ಕೆ ಜೋಡಿಸುವ ವಿಧಾನ ಈಗ ಇದೆ. ಅದನ್ನೂ ವಿಚಾರಿಸಿ. ಗದ್ದೆ ಕೆಲಸದವರಾದರೆ 1968ರ ಸುಮಾರಿಗೆ ಜೈಪುರದಲ್ಲಿ ಹುಟ್ಟಿದ ರಬ್ಬರ್ ಪಾದ, ಅದೇ ಜೈಪುರ ಫುಟ್, ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಲಿ, ಕುಕ್ಕರುಗಾಲಲ್ಲಿ ಕೂರಲಿ ಎಂದೇ ಮಾಡಿದ್ದು. ಅದನ್ನು ಹಾಕಿಕೊಂಡವರು ನನಗಿಂತ ಚೆನ್ನಾಗಿ ಕೂರುತ್ತಾರೆ.

ಎಕ್ಸ್‌ರೇ ಎಲ್ಲ ತೆಗೆದುಕೊಂಡು, ಮೂಳೆ ಡಾಕ್ಟರ್ ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಇರುವ ಕಡೆ ಬೇಗ ತೋರಿಸಿ. ಗಾಯ ತೆರೆದಿರುವಾಗ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಅಂದಹಾಗೆ, ತಮ್ಮ ಏನಂತಾರೆ? ನಿಮ್ಮ ಪ್ರಶ್ನೆಯಲ್ಲಿ ಅಪ್ಪ, ಅಮ್ಮ, ಡಾಕ್ಟರ್ ಎಲ್ಲರೂ ಇದ್ದರು. ಅವರ ಮಾತು ಮಾತ್ರ ಇರಲಿಲ್ಲ.